ಪಾಣಬುಡಿಯ ಪರವಾನಗಿ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹಿಡಿದುಕೊಳ್ಳುತ್ತದೆ. ನಮ್ಮ ಪಕ್ಕದ ಅಂಗಡಿಯ ಗಂಗಾಧರಪ್ಪನವರಿಗೆ ಮಂಡಿನೋವು ಹಿಡಿಯಿತು. ಅವರ ತಮ್ಮನಿಗೆ ಪಾದಯಾತ್ರೆಯ ಹುಚ್ಚು ಹಿಡಿಯಿತು. ನನಗೆ ಜಲಾಂತರ್ಗಾಮಿ ಹಿಡಿಯಿತು. ನನಗೆ ಈಜು ಬರುವುದಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಸೋಲಾಪುರದಲ್ಲಿ ಹುಟ್ಟಿ ಬೆಳೆದವನು ನಾನು. ಸಮುದ್ರವನ್ನು ಜೀವನದಲ್ಲಿ ಎರಡು ಸಲ ನೋಡಿದ್ದೇನೆ, ಎರಡೂ ಸಲ ಪ್ಯಾಂಟು ಮಡಚಿಕೊಂಡು ದೂರದಲ್ಲೇ ನಿಂತಿದ್ದೇನೆ. ನಮ್ಮ ಮನೆತನದ್ದು ಮೂರು ತಲೆಮಾರಿನ ಚಾದರ ಮತ್ತು ಟಾವೆಲ್ ವ್ಯಾಪಾರ. ನೀರಿಗೂ ನಮಗೂ ಸಂಬಂಧ ಅದನ್ನು ಒರೆಸುವಷ್ಟು ಮಾತ್ರ.

ಮೊದಲು ಒಂದು ದೋಣಿ ಮಾಡಿದೆ. ಥರ್ಮಾಕೋಲಿನದು. ಆಟಿಕೆ ಕಾರಿನ ರಿಮೋಟು ಕಿತ್ತು ಅದಕ್ಕೆ ಜೋಡಿಸಿ, ಕೆರೆಯ ದಂಡೆಯಲ್ಲಿ ಬಿಟ್ಟರೆ ಅದು ಹೇಳಿದ ಹಾಗೆ ಕೇಳಿತು. ಮನೆಯಲ್ಲಿ ಅಂಥ ಅನುಭವ ನನಗೆ ಇಲ್ಲದ್ದರಿಂದ ತಲೆ ತಿರುಗಿತು. ತೇಲುವುದರಲ್ಲಿ ಏನು ದೊಡ್ಡಸ್ತಿಕೆ, ಮುಳುಗಿ ಏಳುವಂಥದ್ದು ಮಾಡಬೇಕು ಎಂದುಕೊಂಡೆ. ಎರಡಡಿ ಉದ್ದದ ಬಚ್ಚಲು ಪೈಪು ತಂದೆ. ಎರಡೂ ಬಾಯಿ ಮುಚ್ಚಿ, ಒಳಗೆ ನೀರು ತುಂಬಿಕೊಳ್ಳುವ ಒಂದು ಡಬ್ಬಿ, ಕಾರಿನ ಗಾಜು ತೊಳೆಯುವ ಸಣ್ಣ ಪಂಪು, ಹಿಂದೆ ತಿರುಗುವ ಒಂದು ರೆಕ್ಕೆ. ಪಂಪು ನೀರು ಒಳಗೆಳೆದರೆ ಮುಳುಗಬೇಕು, ಹೊರಗೆ ನೂಕಿದರೆ ಏಳಬೇಕು. ಇದನ್ನು ನೋಡಿದ ನನ್ನ ಹೆಂಡತಿ ಸುವರ್ಣಾ, "ಇದೇನ್ರಿ, ಬಚ್ಚಲ ಪೈಪ ಯಾಕ ಬಿಚ್ಚೀರಿ?" ಎಂದು ಕೇಳಿದಳು. "ಜಲಾಂತರ್ಗಾಮಿ" ಎಂದೆ. ಹಡಗಿಗಿಂತ ಹೆಸರೇ ಉದ್ದವಾಯಿತು. "ಪಾಣಬುಡಿ ಅನ್ರಿ, ತಿಳೀತದ" ಎಂದು ಮರಾಠಿಯಲ್ಲಿ ಸರಳಗೊಳಿಸಿ ಒಳಗೆ ಹೋದಳು. ಅಂದಿನಿಂದ ಅದು ಪಾಣಬುಡಿಯೇ.

ಮಾಳಿಗೆಯ ಮೇಲಿನ ನೀರಿನ ಸಿಮೆಂಟ್ ಟಾಕಿಯಲ್ಲಿ ಬಿಟ್ಟೆ. ನಾಲ್ಕು ಬೆರಳು ಮುಳುಗಿತು, ಅಷ್ಟೇ. ಆಮೇಲೆ ನಾನು ಯಾರೋ ಅದು ಯಾರೋ. ಟಾಕಿಯನ್ನು ಖಾಲಿ ಮಾಡಿ ತೆಗೆಯಬೇಕಾಯಿತು. ಆ ದಿನ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ, ಆ ವಿಷಯ ಇಲ್ಲಿ ಬೇಡ. ನಮ್ಮ ಓಣಿಯಲ್ಲಿ ಕುಲಕರ್ಣಿ ಸರ್ ಎಂದು ಇದ್ದಾರೆ. ಟೆಲಿಫೋನ್ ಖಾತೆಯಿಂದ ನಿವೃತ್ತರಾದವರು; ಮನೆಯ ಮೇಲೆ ತಂತಿ ಕಟ್ಟಿಕೊಂಡು ದೇಶವಿದೇಶದ ಹವ್ಯಾಸಿ ರೇಡಿಯೋದವರೊಂದಿಗೆ ಮಾತಾಡುವವರು. ಅವರು ನನ್ನ ರಿಮೋಟನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ನಕ್ಕರು. "ಇದು ಗಿಗಾಹರ್ಟ್ಸಿಂದು ಸಾಹುಕಾರ. ಇದರ ರೇಡಿಯೋ ಅಲಿ ಭಾಳ ಸಣ್ಣದು. ನೀರ ಮುಟ್ಟಿದ್ದ ತಡಾ, ಸಾಯ್ತದ. ನೀರಾಗ ಇಳೀಬೇಕಂದ್ರ ಉದ್ದನ್ನ ಅಲಿ ಬೇಕು. ನಮ್ಮ ಹವ್ಯಾಸಿ ಬ್ಯಾಂಡ್‌ನಾಗ ಐವತ್ತು ಮೆಗಾಹರ್ಟ್ಸ್ ಅದ, ಅದು ಬರೋಬ್ಬರ ಇಳೀತದ. ಆದ್ರ..." ಎಂದು ನಿಲ್ಲಿಸಿದರು. ಆ "ಆದ್ರ"ದ ಆಚೆ ಇದ್ದದ್ದು ಸರಕಾರದ ಪರವಾನಗಿ. ಅದಕ್ಕೊಂದು ಪರೀಕ್ಷೆ.

ಪರೀಕ್ಷೆ ಎಂಬ ಶಬ್ದ ಕೇಳಿ ಮೂವತ್ತು ವರ್ಷವಾಗಿತ್ತು. ಸರ್ ಕೊಟ್ಟ ಪ್ರಶ್ನೆಗಳ ಕಟ್ಟನ್ನು ಸುವರ್ಣಾಳ ಕೈಗೆ ಕೊಟ್ಟೆ. ಅವಳು ಸಂಜೆ ಮೆಂತೆ ಸೊಪ್ಪು ಸೋಸುತ್ತ ಪ್ರಶ್ನೆ ಕೇಳುವುದು, ನಾನು ಉತ್ತರ ಹೇಳುವುದು, ಅವಳು "ತಪ್ಪು" ಎನ್ನುವುದು. ಎರಡು ತಿಂಗಳು ಹೀಗೆ ನಡೆಯಿತು. ಕೊನೆಗೆ "ಹೆಂಗೂ ಪರೀಕ್ಷಾಕ ಪರಊರಿಗೆ ಹೋಗೂದದ, ಒಬ್ಬರ ಯಾಕ? ನಾನೂ ಫಾರ್ಮ್ ತುಂಬತೀನಿ" ಎಂದಳು. ಪಾಪ, ಜೊತೆಗಿರಲಿ ಎಂದು ನಾನು ಒಪ್ಪಿದೆ. ಪರೀಕ್ಷೆ ಮುಗಿಸಿ ಬರುವಾಗ ರೈಲಿನಲ್ಲಿ ಅವಳಿಗೆ, "ಹೆದರಬ್ಯಾಡ, ಪಾಸಾಗದಿದ್ರೂ ನಡೀತದ" ಎಂದು ಧೈರ್ಯ ಕೂಡ ಹೇಳಿದೆ.

ಅವಳು ಪಾಸಾದಳು. ನಾನು ನಿಯಮಗಳ ಪತ್ರಿಕೆಯಲ್ಲಿ ಬಿದ್ದೆ. ಎಲ್ಲಿ ಎಡವಿದೆ ಎಂಬುದು ನನಗೆ ಗೊತ್ತು. ಹವ್ಯಾಸಿ ರೇಡಿಯೋದಲ್ಲಿ ಏನು ಮಾತಾಡಬಹುದು ಎಂದು ಕೇಳಿದ್ದರು. ನಾನು ಸರಕಿನ ದರ ವಿಚಾರಿಸಬಹುದು ಎಂಬುದಕ್ಕೆ ಗುರುತು ಹಾಕಿದ್ದೆ. ವ್ಯಾಪಾರದ ಒಂದಕ್ಷರವೂ ಅಲ್ಲಿ ನಿಷಿದ್ಧವಂತೆ. ಮೂರು ತಲೆಮಾರಿನ ವ್ಯಾಪಾರಿಗೆ ಇಂಥ ಜಾಗವೊಂದು ಲೋಕದಲ್ಲಿ ಇರಬಹುದೆಂದು ಹೇಗೆ ಹೊಳೆಯಬೇಕು? ಸಿಹಿ ತಿನ್ನಲು ಬಂದ ಕುಲಕರ್ಣಿ ಸರ್ ತೀರ್ಪು ಕೊಟ್ಟರು: "ಪರವಾನಗಿ ಇದ್ದವರ ಕೈಯಾಗ ರಿಮೋಟಿನ ಪೆಟ್ಟಿಗಿ. ಸಾಹುಕಾರ, ನೀವು ಮುಟ್ಟಂಗಿಲ್ಲ." ಹೀಗೆ ನಾನು ಕಟ್ಟಿದ ಹಡಗಿಗೆ ಅವಳು ಕಪ್ತಾನಳಾದಳು. ಸರ್ ಹೊಸ ರೇಡಿಯೋ ಜೋಡಿಸುವಾಗ ಇನ್ನೊಂದು ಸಣ್ಣ ಬಿಲ್ಲೆಯನ್ನೂ ತಾವೇ ಕೂತು ಒಳಗೆ ಬೆಸೆದರು. ಮೇಲಿನಿಂದ ಸಂಕೇತ ಅರ್ಧ ನಿಮಿಷ ನಿಂತುಹೋದರೆ ಪಂಪು ತಾನಾಗಿ ಹೊಟ್ಟೆಯ ನೀರನ್ನು ಹೊರಹಾಕಿ ಪಾಣಬುಡಿಯನ್ನು ಮೇಲಕ್ಕೆ ತರುವಂಥದ್ದು. ಇದೆಲ್ಲ ಯಾಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಈಗ ಒಂದು ಪಾಪವನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ಪೈಪು ಹಗುರ, ನೀರಿನಲ್ಲಿ ಹೊರಳುತ್ತಿತ್ತು. ತಳಕ್ಕೆ ಅರ್ಧ ಕಿಲೋ ಭಾರ ಬೇಕಾಗಿತ್ತು, ಚಿಕ್ಕದಾಗಿರಬೇಕಾಗಿತ್ತು. ಅಡಿಗೆಮನೆಯಲ್ಲಿ ಅಂಥದೊಂದು ಇತ್ತು: ಹಿತ್ತಾಳೆಯ ತೂಕದ ಬಟ್ಟು. ನನ್ನ ಮಾವನವರದು. ಅವರಿಗೆ ದುಧನಿಯ ಪೇಟೆಯಲ್ಲಿ ಕಾಳಿನ ಅಂಗಡಿ ಇತ್ತು. ಅವರು ತೀರಿಕೊಂಡು ಅಂಗಡಿ ಮುಚ್ಚಿದಾಗ ಮಗ ಶಿವಾನಂದ ತಕ್ಕಡಿಯನ್ನು ಇಟ್ಟುಕೊಂಡ, ಮಗಳು ಈ ಬಟ್ಟನ್ನು ತಂದಳು. ಬೇರೇನೂ ಕೇಳಲಿಲ್ಲ. ವರ್ಷಕ್ಕೊಮ್ಮೆ, ಯುಗಾದಿ ಪಾಡ್ಯದ ಹಬ್ಬಕ್ಕೆ, ಶ್ರೀಖಂಡದ ಮೊಸರಿನ ಗಂಟಿನ ಮೇಲೆ ಅದನ್ನು ಹೇರುತ್ತಾಳೆ. ಅವರಪ್ಪನ ಕೈ ಇಟ್ಟ ಹಾಗೆ ಇರುತ್ತದೆ ಎನ್ನುತ್ತಾಳೆ. ಪಾಡ್ಯಕ್ಕೆ ಇನ್ನೂ ಎರಡು ತಿಂಗಳಿತ್ತು. ಅಷ್ಟರೊಳಗೆ ತೆಗೆದಿಟ್ಟರಾಯಿತು ಎಂದು ಅದನ್ನು ಪೈಪಿನ ಹೊಟ್ಟೆಯೊಳಗೆ ಅಂಟಿನಿಂದ ಕೂಡಿಸಿ ಮುಚ್ಚಳ ಹಾಕಿಬಿಟ್ಟೆ. ಪಾಣಬುಡಿ ನೆಟ್ಟಗೆ ನಿಂತಿತು. ನನಗೆ ಮಾತ್ರ ಅಡಿಗೆಮನೆಗೆ ಹೋದಾಗಲೆಲ್ಲ ಆ ಖಾಲಿ ಜಾಗ ನೋಡಿ ಒಂದಿಷ್ಟು ಹೊರಳಿದಂತಾಗುತ್ತಿತ್ತು.

ಶಿವಾನಂದನ ಹೊಲ ಅಕ್ಕಲಕೋಟೆಯಿಂದ ಸ್ವಲ್ಪ ಆಚೆ. ಅಲ್ಲಿ ಪಾವಟಿಗೆ ಇರುವ ಕಲ್ಲಿನ ಬಾವಿ, ಒಂದೂವರೆ ಆಳು ತಿಳಿನೀರು. ನಮ್ಮ ಕೆರೆಯ ಜೊಂಡಿಗಿಂತ ವಾಸಿ ಎಂದು ಒಂದು ಭಾನುವಾರ ಮುಂಜಾನೆ ಇಬ್ಬರೂ ಹೋದೆವು. ಶಿವಾನಂದ ನನ್ನನ್ನು "ದಾಜಿ" ಎಂದು ಕರೆಯುತ್ತಾನೆ. ನಮ್ಮ ಕಡೆ ಅಕ್ಕನ ಗಂಡನಿಗೆ ಮರಾಠಿಯವರಿಂದ ಕಲಿತ ಹೆಸರು. ಅದರಲ್ಲಿ ಗೌರವವೂ ಇದೆ, ಇವನಿಂದ ಏನೂ ಆಗುವುದಿಲ್ಲ ಎಂಬ ತಿಳಿವಳಿಕೆಯೂ ಇದೆ. "ಬರ್ರಿ ದಾಜಿ, ನೌಕಾದಳ ಬಂತೇನು?" ಎಂದು ಸ್ವಾಗತಿಸಿದ.

ಸುವರ್ಣಾ ಸೆರಗು ಸಿಕ್ಕಿಸಿ, ಕೆಳಗಿನ ಪಾವಟಿಗೆಯ ಮೇಲೆ ನಿಂತು, ಪೆಟ್ಟಿಗೆಯ ಉದ್ದ ಕಡ್ಡಿಯನ್ನು ಎಳೆದು, ಪರವಾನಗಿಯ ಜೊತೆ ಬಂದ ತನ್ನ ಸಂಕೇತನಾಮವನ್ನು ಒಂದು ಸಲ ಗಟ್ಟಿಯಾಗಿ ಹೇಳಿಕೊಂಡಳು. ಅಗತ್ಯವಿರಲಿಲ್ಲ, ಆದರೆ ಅವಳಿಗೆ ಇಷ್ಟ. ಎಡಗಡೆಯ ಹಿಡಿಕೆ ಮುಂದೆ ಒತ್ತಿದಳು. ಪಾಣಬುಡಿ ಗುಳುಗುಳು ಎನ್ನುತ್ತ ಇಳಿಯಿತು. ಹಿಂದಕ್ಕೆ ಎಳೆದಳು, ಮೇಲೆ ಬಂತು. ಶಿವಾನಂದ "ಶಾಬ್ಬಾಸ್ ಅಕ್ಕಾ!" ಎಂದ. ಕಟ್ಟಿದವನ ಕಡೆ ಯಾರೂ ನೋಡಲಿಲ್ಲ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವಳು ತಳದವರೆಗೆ ಬಿಟ್ಟಳು. ಬಾವಿಯ ನೆರಳಿನಲ್ಲಿ ಏನೂ ಕಾಣದಂತಾಯಿತು.

ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಮಾವನವರು ಬಂದು ನಿಂತರು. "ಏಳ್ಸು, ಏಳ್ಸು!" ಎಂದು ಕೂಗಿದೆ. "ತಡೀರಿ, ತಳದಾಗ ಒಂದ ಸುತ್ತ ಹಾಕಸ್ತೀನಿ" ಎಂದಳು. ನಾನು ತಡೆಯಲಿಲ್ಲ. ಪೆಟ್ಟಿಗೆಗೆ ಕೈ ಹಾಕಿ ಹಿಡಿಕೆ ಎಳೆದೆ. ಯಾವ ಕಡೆಗೆ ಎಳೆದೆನೋ, ಎಷ್ಟು ಜೋರಾಗಿ ಎಳೆದೆನೋ, ಟಕ್ ಎಂದು ಹಿಡಿಕೆ ಬುಡಕ್ಕೆ ಮುರಿದು ನನ್ನ ಕೈಗೆ ಬಂತು. ಅದರ ಮೊಂಡು ಮುಳುಗುವ ಕಡೆಗೇ ಸಿಕ್ಕಿಕೊಂಡಿತು. ಸುವರ್ಣಾ ಬೆರಳಿನಿಂದ ನೂಕಿ ನೋಡಿದಳು, ಶಿವಾನಂದ ಕೀಲಿಕೈಯಿಂದ ಮೀಟಿ ನೋಡಿದ. ಅದು ಅಲುಗಲಿಲ್ಲ. ಪೆಟ್ಟಿಗೆ ಒಂದೇ ಸಮನೆ "ಮುಳುಗು, ಮುಳುಗು" ಎಂದು ಹೇಳುತ್ತಲೇ ಇತ್ತು. ಕೆಳಗೆ ಪಾಣಬುಡಿ ವಿಧೇಯವಾಗಿ ಮುಳುಗಿಯೇ ಇತ್ತು.

"ಹೋಗ್ಲಿ ಬಿಡ್ರಿ ದಾಜಿ. ಬಚ್ಚಲ ಪೈಪಲ್ಲೇನು? ಬಾವ್ಯಾಗ ಇದ್ರ ಮೀನಿಗೆ ಮನಿ ಆಗ್ತದ. ನಡ್ರಿ, ಊಟಾ ಮಾಡೂನು" ಎಂದ ಶಿವಾನಂದ.

"ಯಾರರ ಇಳದು ತಗದ್ರ?" ಎಂದೆ.

"ನನಗ ಡಾಕ್ಟರ್ ಬ್ಯಾಡ ಅಂದಾರ. ನಿಮಗ ಈಜು ಬರಂಗಿಲ್ಲ."

"ಹಂಗಾದ್ರ ಮೋಟಾರ್ ಹಚ್ಚಿ ಬಾವಿ ಖಾಲಿ ಮಾಡೂನು!"

ಶಿವಾನಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಬಾವಿಯ ಆಚೆಗೆ ಅವನ ಬಾಳೆ, ಉಳ್ಳಾಗಡ್ಡಿ ಎಲ್ಲ ಆ ನೀರನ್ನೇ ನಂಬಿ ನಿಂತಿದ್ದವು. ಸುವರ್ಣಾ ಮಾತ್ರ ಬಾವಿಯನ್ನು ಬಿಟ್ಟು ನನ್ನ ಮುಖ ನೋಡತೊಡಗಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ನೋಟದಿಂದ ನಾನು ಒಮ್ಮೆಯೂ ತಪ್ಪಿಸಿಕೊಂಡಿಲ್ಲ.

"ಒಂದು ಪೈಪಿಗೆ ಇಷ್ಟ್ಯಾಕ ಬೆವರಾಕತ್ತೀರಿ? ಅದರಾಗ ಏನ್ ಇಟ್ಟೀರಿ?"

"ಏನಿಲ್ಲ... ಸ್ವಲ್ಪ ವಜನ ಬೇಕಾಗಿತ್ತು."

"ಯಾವ ವಜನ?"

ನಾನು ಪಾವಟಿಗೆಯ ಕಲ್ಲುಗಳನ್ನು ಎಣಿಸತೊಡಗಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳಿಗೆ ತಿಳಿದುಹೋಗಿತ್ತು.

"ಅಪ್ಪಾನ ವಜನ?" ಎಂದಳು. ದನಿ ಏರಲಿಲ್ಲ, ಇಳಿಯಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಶಿವಾನಂದ ಕಲ್ಲಿನ ಮೇಲೆ ಕೂತುಬಿಟ್ಟ. ಮೂವರ ಕಣ್ಣೂ ಆ ಕಪ್ಪು ನೀರಿನ ಮೇಲೆಯೇ ಇತ್ತು. ಮದುವೆಯ ಮಾತುಕತೆಯ ದಿನ ಮಾವನವರು, ಹುಡುಗ ಮೆತ್ತಗಿದ್ದಾನೆ, ಏನೂ ಅನಾಹುತ ಮಾಡಲಾರ ಎಂದು ಹೇಳಿ ನನ್ನನ್ನು ಒಪ್ಪಿದ್ದರಂತೆ. ಅದು ನನಗೆ ಆಗಲೇ ನೆನಪಾಗಬೇಕೇ?

ಸುವರ್ಣಾ ಕಣ್ಣೊರೆಸಿಕೊಂಡು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಪಕ್ಕದ ಗುಂಡಿಗೆ ಬೆರಳಿಟ್ಟಳು.

"ಏ, ಏ! ಬಂದ್ ಮಾಡಬ್ಯಾಡ! ಅದಕ್ಕೂ ನಮಗೂ ಇರೂ ಸಂಬಂಧ ಅದೊಂದ!" ಎಂದು ಕಿರುಚಿದೆ.

"ಆ ಸಂಬಂಧನ ಅದನ್ನ ಮುಳುಗಸಾಕತ್ತದ" ಎಂದಳು. "ಹೇಳಿದ್ದ ಕೇಳದಿದ್ರ ಮೊದಲ ಪ್ರಸಾರಣ ನಿಲ್ಲಸಬೇಕು. ಪ್ರಶ್ನಿಯೊಳಗ ಇತ್ತಲ್ಲ, ಓದಲಿಲ್ಲೇನು? ಕುಲಕರ್ಣಿ ಸರ್ ಒಳಗ ಏನ್ ಕೂಡ್ಸ್ಯಾರ, ಅದೂ ಮರತ್ರಿ?" ಎಂದು ಗುಂಡಿ ಒತ್ತಿದಳು. ಪೆಟ್ಟಿಗೆಯ ಕೆಂಪು ದೀಪ ಆರಿತು.

ಅರ್ಧ ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಅಂಗಡಿಯಲ್ಲಿ ಕೂತವನಿಗೆ ಗೊತ್ತಾಗುವುದಿಲ್ಲ. ಅಕ್ಕಲಕೋಟೆಯ ಸ್ವಾಮಿಗಳಿಗೆ ಕಾಯಿ ಒಡೆಸುವ ಹರಕೆ ಹೊತ್ತೆ. ಸಾಲದೆಂದು ಪಾದಯಾತ್ರೆಯ ಹರಕೆಯನ್ನೂ ಸೇರಿಸಿದೆ. ನೀರು ಸುಮ್ಮನೇ ಇತ್ತು. ಒಂದು ಪಾರಿವಾಳ ಗೋಡೆಯ ಸಂದಿಯಿಂದ ಹಾರಿಹೋಯಿತು. ಆಮೇಲೆ ಒಂದು ಗುಳ್ಳೆ ಬಂತು. ಒಂದೇ. ಶಿವಾನಂದ ಎದ್ದು ನಿಂತ. ಇನ್ನೂ ನಾಲ್ಕು ಗುಳ್ಳೆ. ಆಮೇಲೆ ಅನ್ನದ ಎಸರು ಕುದಿದಂತೆ ಗುಳ್ಳೆಗಳು ಎದ್ದು, ನಡುವಿನಿಂದ ಪೈಪಿನ ಬೆನ್ನು ಮೆಲ್ಲಗೆ ಮೇಲೆ ಬಂತು. ಮೂತಿಯ ಮೇಲೆ ಒಂದಿಷ್ಟು ಹಾವಸೆ ಹೊತ್ತು, ಏನೂ ಆಗಿಯೇ ಇಲ್ಲವೆಂಬಂತೆ ತೇಲುತ್ತ ನಿಂತಿತು. ನನ್ನ ಕೈ ತಾಗದೆ ಸರ್ ಬೆಸೆದ ಆ ಸಣ್ಣ ಬಿಲ್ಲೆ ಒಳಗಿತ್ತು, ಅದೇ ನನ್ನನ್ನು ಕಾಪಾಡಿತು. ನಾನು ಒದ್ದೆ ಕಲ್ಲಿನ ಮೇಲೆಯೇ ಕೂತುಬಿಟ್ಟೆ. ಇಷ್ಟು ಹಗುರಾಗಿ ನಾನು ಯಾವತ್ತೂ ಕೂತಿರಲಿಲ್ಲ.

ಅಂಟು ಮಾತ್ರ ನಾನು ಚೆನ್ನಾಗಿ ಹಾಕಿದ್ದೆ. ಬಟ್ಟನ್ನು ಬಿಡಿಸಲು ಶಿವಾನಂದನಿಗೆ ಉಳಿ ಹಿಡಿದು ಅರ್ಧ ಗಂಟೆ ಬೇಕಾಯಿತು. ಊಟಕ್ಕೆ ಕೂತಾಗ ಶೇಂಗಾ ಹಿಂಡಿ ನನಗೆ ಎರಡನೆಯ ಸಲ ಬಡಿಸಲಿಲ್ಲ, ಅದು ನ್ಯಾಯವೇ. ಮರಳಿ ಬರುವಾಗ ಸುವರ್ಣಾ ಬಟ್ಟನ್ನು ಸೆರಗಿನಲ್ಲಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕಾರಿನ ಕಿಟಕಿಯ ಹೊರಗೆ ನೋಡುತ್ತಿದ್ದಳು. ದಾರಿಯಲ್ಲಿ ವಳಸಂಗ ಎಂಬ ಊರು ದಾಟಿದೆವು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಗಾಡಿ ನಿಲ್ಲಿಸಿದೆ. ನಗುತ್ತಿದ್ದಳು. "ಅಪ್ಪಗ ಜೀವನದಾಗ ಒಮ್ಮೆನೂ ಬಾವ್ಯಾಗ ಇಳಿಯೂ ಧೈರ್ಯ ಆಗಿರಲಿಲ್ರಿ" ಎಂದಳು. "ನಿಮ್ಮ ದಯಾದಿಂದ ಅದೂ ಆತು." ನಾನೂ ನಕ್ಕೆ, ಆದರೆ ಅವಳು ನಿಲ್ಲಿಸಿದ ಮೇಲೆ ಒಂದು ಕ್ಷಣವೂ ಹೆಚ್ಚು ನಗದಂತೆ ಎಚ್ಚರ ವಹಿಸಿದೆ.

ಈಗ ಹೊಸ ಹಿಡಿಕೆ ಬಂದಿದೆ, ತಳಕ್ಕೆ ಒಂದು ಬಾಟಲಿ ಮರಳು ಬಂದಿದೆ. ಕಪ್ತಾನಳು ತಾನೇ ತೂಗಿ ತುಂಬಿಸಿದ್ದು. ಭಾನುವಾರ ಅವಳು ನಡೆಸುತ್ತಾಳೆ, ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುತ್ತೇನೆ. ಏನಾದರೂ ಎಡವಟ್ಟಾದರೆ ಜನ ಅವಳ ಕಡೆ ನೋಡುತ್ತಾರೆ, ನಾನೂ ಅವರ ಜೊತೆ ಸೇರಿ ಅವಳ ಕಡೆ ನೋಡುತ್ತೇನೆ. ಎಂಥ ಆರಾಮ! ಮೊನ್ನೆ ಅವಳೇ ಮುಂದಿನ ಪರೀಕ್ಷೆಯ ಫಾರ್ಮನ್ನು ನನ್ನ ಹೆಸರಿನಲ್ಲಿ ತುಂಬಿ, ಫೋಟೋ ಅಂಟಿಸಿ, "ಈ ಸರ್ತೆ ಪಾಸಾಗ್ತೀರಿ ನೋಡ್ರಿ, ಆಮ್ಯಾಲ ನೀವ ನಡಸ್ರಿ" ಎಂದು ಸಹಿ ಹಾಕಲು ಕೊಟ್ಟಳು. ಮೂರು ವಾರದಿಂದ ಅದು ನನ್ನ ಅಂಗಿಯ ಕಿಸೆಯಲ್ಲಿದೆ. ಕೇಳಿದಾಗಲೆಲ್ಲ ಪೆನ್ನು ಸಿಗಲಿಲ್ಲ ಎನ್ನುತ್ತೇನೆ. ನಂಬಿದವಳಂತೆ ಅವಳೂ ಸುಮ್ಮನಾಗುತ್ತಾಳೆ.