ಹೂಕುಂಡಗಳ ಹೊಸ್ತಿಲು

ಸುಮ್ಮನೆ ಕೂತಿರುವ ಗಂಡನಿಂದ ಸಂಸಾರಕ್ಕೆ ಅಂಥ ನಷ್ಟವೇನಿಲ್ಲ, ಕೈಗೆ ಸುತ್ತಿಗೆ ಸಿಕ್ಕಿದ ಗಂಡನಿಂದಲೇ ಅಪಾಯ ಎಂಬುದು ನನ್ನ ಹೆಂಡತಿ ಶಾರದೆಯ ಅನುಭವದ ಮಾತು. ಅವಳ ಅನುಭವವೆಲ್ಲ ನನ್ನೊಬ್ಬನಿಂದಲೇ ಬಂದದ್ದಾದ್ದರಿಂದ ನಾನು ಎದುರಾಡುವಂತಿಲ್ಲ. ನಾನು ರಿಪೇರಿ ಮಾಡಿದ ಗೋಡೆ ಗಡಿಯಾರ ಈಗಲೂ ಗಂಟೆ ಹೊಡೆಯುತ್ತದೆ. ಮುಳ್ಳು ಮಾತ್ರ ಇದ್ದಲ್ಲೇ ಇದೆ. ನಾನು ಹೊಲಿದ ಕೊಡೆ ಬಿಚ್ಚಿಕೊಳ್ಳುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಅದನ್ನು ಹಿಡಿದು ಕಚೇರಿಗೆ ಹೋದ ದಿನ ಕೊಡೆ ಬಾಗಿಲಲ್ಲಿ ಸಿಕ್ಕಿಕೊಂಡು, ಸಾಹೇಬರು ಒಳಗೂ ನಾನು ಹೊರಗೂ ನಿಂತು ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೆವು. ಮನೆಯಲ್ಲಿ ನಾನೇ ಮಾಡಿದ ಸ್ಟೂಲೊಂದಿದೆ. ಬಂದ ನೆಂಟರಿಗೆ ಕಾಫಿಗಿಂತ ಮೊದಲು ಸಿಗುವುದು ಅದರ ಮೇಲೆ ಕೂರಬೇಡಿ ಎಂಬ ಎಚ್ಚರಿಕೆ. ಇಷ್ಟಾದರೂ ಮರದ ತುಂಡು ಕಂಡರೆ ನನ್ನ ಕೈ ತುರಿಸುತ್ತದೆ.

ಈ ಸಲದ ಗ್ರಹಚಾರ ಶುರುವಾದದ್ದು ಪೇಟೆಯವರು ಡೇಲಿಯಾ ಅನ್ನುವ ಡೇರೆ ಹೂವಿನಿಂದ. ತೀರ್ಥಹಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ಡೇರೆಯ ಹುಚ್ಚು ಎಷ್ಟೆಂದು ಅವರನ್ನು ಮದುವೆಯಾದವರೇ ಬಲ್ಲರು. ಶಾರದೆ ತವರಿಗೆ ಹೋದರೆ ಕೊಟ್ಟ ಸೀರೆ ಬಿಟ್ಟು ಬಂದಾಳು, ಡೇರೆ ಗೆಡ್ಡೆ ಬಿಟ್ಟು ಬರುವವಳಲ್ಲ. ಸಾಗರದ ನಮ್ಮ ಬಾಡಿಗೆ ಮನೆಗೆ ಅಂಗಳವೆಂಬುದು ಹೆಸರಿಗೆ ಮಾತ್ರ; ಹೆಂಚಿನ ಸೂರಿನಿಂದ ಬಿದ್ದ ನೀರೆಲ್ಲ ನಿಲ್ಲುವುದು ಅಲ್ಲೇ. ಹಿಂದಿನ ಮಳೆಗಾಲದಲ್ಲಿ ಮಣ್ಣಿನ ಕುಂಡ, ಸೀಮೆಎಣ್ಣೆ ಡಬ್ಬ, ತಳ ತೂತಾದ ಕೊಡಪಾನ ಎಂದು ಸಿಕ್ಕಿದ್ದರಲ್ಲೆಲ್ಲ ಅವಳು ಇಟ್ಟಿದ್ದ ಗೆಡ್ಡೆಗಳು ನೀರು ನಿಂತು ಕೊಳೆತುಹೋದವು. ಅದರಲ್ಲೊಂದು ಅವಳ ಅಮ್ಮ ಬದುಕಿದ್ದಾಗ ಬೆಳೆಸಿದ ಕಡುಗೆಂಪು ಡೇರೆ. ಆ ದಿನ ಶಾರದೆ ನನ್ನ ಹತ್ತಿರ ಜಗಳ ಆಡಲಿಲ್ಲ. ಕೊಳೆತ ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ, ಸುಮ್ಮನೆ ಇಟ್ಟುಬಿಟ್ಟಳು. ನನಗೆ ಅದು ಜಗಳಕ್ಕಿಂತ ಕಷ್ಟವಾಯಿತು. ಈ ವರ್ಷ ತವರಿನ ಹಿತ್ತಿಲಲ್ಲಿ ಉಳಿದಿದ್ದ ಅದೇ ತಳಿಯ ಕಡೆಯ ಗೆಡ್ಡೆಯನ್ನು ಅತ್ತಿಗೆಯಿಂದ ಬೇಡಿ ತಂದಿದ್ದಳು. "ಮಳೆ ಹಿಡಿಯೋದ್ರೊಳಗೆ ಕುಂಡ ಎಲ್ಲ ನೆಲ ಬಿಟ್ಟು ಮೇಲಿರ್ಬೇಕು, ನೋಡಿ. ಇದೂ ಹೋದ್ರೆ ಅಮ್ಮನ ಡೇರೆ ಮತ್ತೆಲ್ಲೂ ಸಿಗಲ್ಲ" ಎಂದಳು.

ಕೇಳಿದ್ದು ನ್ಯಾಯವೇ. ಆದರೆ ಆಗ ಸಾಗರದಲ್ಲಿ ಬಡಗಿಗಳು ಮಾತಿಗೂ ಸಿಗುತ್ತಿರಲಿಲ್ಲ. ಅಣೆಕಟ್ಟಿನ ನೀರು ಏರುತ್ತ ಬಂದು, ಹೊಳೆ ಕಡೆಯ ಊರಿನವರೆಲ್ಲ ಮನೆ ಬಿಚ್ಚಿಕೊಂಡು ಹೊರಟಿದ್ದ ಕಾಲ ಅದು. ಬಿಚ್ಚುವುದಕ್ಕೂ ಬಡಗಿಗಳೇ ಬೇಕು, ಹೊಸ ಜಾಗದಲ್ಲಿ ಜೋಡಿಸುವುದಕ್ಕೂ ಅವರೇ ಬೇಕು. ಅದರ ನಡುವೆ ನನ್ನ ಹೂಕುಂಡದ ಮಣೆಗೆ ಯಾರು ಬರುತ್ತಾರೆ? "ನಾನೇ ಮಾಡ್ತೀನಿ ಬಿಡು" ಎಂದೆ. ಶಾರದೆ ಒಮ್ಮೆ ನನ್ನನ್ನೂ ಒಮ್ಮೆ ಸ್ಟೂಲನ್ನೂ ನೋಡಿ, ಬೇರೆ ಗತಿಯಿಲ್ಲದೆ ಒಪ್ಪಿದಳು.

ಪೇಟೆಯ ಹೊರಗೆ ಮುಳುಗಡೆ ಮನೆಗಳ ಮರ ಮಾರುವವನೊಬ್ಬನಿದ್ದ. ಅವನ ಅಂಗಳದಲ್ಲಿ ಕಂಬ, ಜಂತಿ, ಕಿಟಕಿ, ಕಪಾಟಿನ ಬಾಗಿಲು ಎಲ್ಲ ರಾಶಿ ಬಿದ್ದಿತ್ತು. ಅದರಲ್ಲಿ ಒಂದು ಉದ್ದನೆಯ ದಪ್ಪ ಹಲಗೆ ನನ್ನ ಕಣ್ಣಿಗೆ ಬಿತ್ತು. ಮೈಯೆಲ್ಲ ಮಣ್ಣು ಮೆತ್ತಿಕೊಂಡಿದ್ದರೂ ಕಬ್ಬಿಣದಂಥ ಮರ. ನಡುವೆ ಸವೆದು ಸ್ವಲ್ಪ ತಗ್ಗು, ಎರಡು ತುದಿಯಲ್ಲಿ ಒಂದೊಂದು ಗುಳಿ. ಕುಂಡ ಜಾರದಿರಲಿ ಎಂದು ತಗ್ಗು, ನೀರು ಇಂಗಿಹೋಗಲಿ ಎಂದು ಗುಳಿ. ಯಾವ ಪುಣ್ಯಾತ್ಮ ನನಗೆಂದೇ ಮಾಡಿಸಿಟ್ಟಿದ್ದನೋ ಎಂದು ಹಿಗ್ಗಿಹೋದೆ. ಭಾನುವಾರವಿಡೀ ಗರಗಸದ ಜೊತೆ ಗುದ್ದಾಡಿ ಬೇರೆ ಮರದಿಂದ ನಾಲ್ಕು ಕಾಲು ಕೊಯ್ದು ಮೊಳೆ ಹೊಡೆದೆ. ಹೆಬ್ಬೆರಳು ಬಾತುಕೊಂಡಿತು, ಮಣೆ ಎದ್ದು ನಿಂತಿತು. ಒಂದು ಕಾಲು ಮಾತ್ರ ನೆಲ ಮುಟ್ಟುತ್ತಿರಲಿಲ್ಲ. ಅದು ನೆಲದ ತಪ್ಪೆಂದು ನಾನು ತೀರ್ಮಾನಿಸಿದೆ.

ಶಾರದೆಗೆ ನಿಜವಾಗಿಯೂ ಸಂತೋಷವಾಯಿತು. ಮಣ್ಣು ತೊಳೆಯಲು ಒಂದು ಕೊಡ ನೀರು ತಂದು ಸುರಿದು, ತೆಂಗಿನ ನಾರು ಹಿಡಿದು ತಿಕ್ಕತೊಡಗಿದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು. ಮಣ್ಣಿನ ಕೆಳಗಿನಿಂದ ಅರಿಸಿನ ಮೇಲೆದ್ದು ಬರುತ್ತಿತ್ತು. ಅದರ ಮೇಲೆ ಕುಂಕುಮದ ಬೊಟ್ಟುಗಳು, ಮರದೊಳಗೇ ಇಳಿದುಹೋದ ರಂಗೋಲಿಯ ಬಿಳಿ ಗೆರೆ.

"ರೀ, ಇದೆಂತ ಮಾಡಿದ್ರಿ ನೀವು? ಇದು ಹೊಸ್ತಿಲು!"

"ಹಲಗೆ ಅಂತ ಕೊಟ್ಟ ಮಾರಾಯ್ತಿ!"

"ಅವ ಕೊಟ್ಟ, ನೀವು ತಂದ್ರಿ. ಬಾಗಿಲು ತಿರುಗೋ ಗುಳಿ ಕಾಣ್ಲಿಲ್ವಾ ನಿಮ್ಗೆ? ಯಾರದ್ದೋ ಮನೆ ಲಕ್ಷ್ಮಿ ಇದು. ಇದ್ರ ಮೇಲೆ ನಾನು ಗೊಬ್ಬರದ ಡಬ್ಬ ಇಡ್ಲಾ?"

ನನಗೆ ಕಾಣಲಿಲ್ಲ, ನಿಜ. ಗಂಡಸರು ಹುಟ್ಟಿದಾಗಿನಿಂದ ಹೊಸ್ತಿಲು ದಾಟುತ್ತಾರೆಯೇ ಹೊರತು ಅದರ ಮುಖ ನೋಡಿರುವುದಿಲ್ಲ. ದಿನಾ ಬೆಳಿಗ್ಗೆ ಅದರ ಮುಂದೆ ಬಗ್ಗಿ ಕೂರುವವರಿಗೆ ಮಾತ್ರ ಅದರ ಗುರುತು ಇರುತ್ತದೆ. ಮರುದಿನ ಬೆಳಗಾದಾಗ ನನ್ನ ಮಣೆಯ ಮೇಲೆ ಕುಂಡದ ಬದಲು ಎರಡೆಳೆ ರಂಗೋಲಿ, ದಾಸವಾಳದ ಹೂವು. ಪಕ್ಕದ ಮನೆಯಾಕೆ ಬಂದು ಕೈ ಮುಗಿದು ಹೋದರು. ಕುಂಡಗಳು ನೆಲದ ಮೇಲೇ ಉಳಿದವು. ಆಗುಂಬೆಯ ಕಡೆ ಗುಡುಗಿನ ಸದ್ದು ಶುರುವಾಗಿತ್ತು. ಶಾರದೆ ಆಕಾಶವನ್ನೂ ಕಡುಗೆಂಪು ಡೇರೆಯ ಎಳೆ ಚಿಗುರನ್ನೂ ನೋಡಿ ನೋಡಿ ಕಡೆಗೆ ತೀರ್ಪು ಕೊಟ್ಟಳು: "ಯಾರದ್ದು ಅಂತ ಕೇಳಿ, ಅವರಿಗೇ ಮುಟ್ಟಿಸಿ ಬನ್ನಿ. ಆಮೇಲೆ ಬೇರೆ ಎಂತಾದ್ರೂ ನೋಡುವ." ಕಾಲುಗಳನ್ನು ಕಿತ್ತೆ. ಕೀಳಲು ಶ್ರಮವೇನೂ ಆಗಲಿಲ್ಲ. ಅವು ಅದಕ್ಕೇ ಕಾಯುತ್ತಿದ್ದಂತಿತ್ತು.

ಮರದ ವ್ಯಾಪಾರಿ ನೆನಪು ಮಾಡಿಕೊಂಡು, ಆ ಮನೆಯವರು ಈಗ ಆನಂದಪುರದ ಹತ್ತಿರ ಇದ್ದಾರೆಂದು ಗುರುತು ಹೇಳಿದ. ಹೊಸ್ತಿಲು ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಟಾಪಿನ ತುಂಬ ಹಲಸಿನ ಹಣ್ಣು. ಕಂಡಕ್ಟರು ಬೈಯುತ್ತಲೇ ಹೊಸ್ತಿಲನ್ನು ಬಸ್ಸಿನ ಬಾಗಿಲ ಒಳಗೆ ಅಡ್ಡಲಾಗಿ ಮಲಗಿಸಿ, "ಎಂತ ರಾಯ್ರೇ ಇದು, ದಿಮ್ಮಿಯಾ?" ಎಂದ. ನನ್ನ ಬಾಯಿ ಸುಮ್ಮನಿರಬಾರದೆ? "ಹೊಸ್ತಿಲು" ಎಂದೆ. ಅದರ ಮೇಲೆ ಕಾಲು ಚಾಚಿದ್ದವರೆಲ್ಲ ಬೆಂಕಿ ತಾಗಿದಂತೆ ಕಾಲೆತ್ತಿಕೊಂಡರು. ಆಮೇಲೆ ಹತ್ತಿದವರೆಲ್ಲ ಬಲಗಾಲಿಟ್ಟೇ ಒಳಗೆ ಬಂದರು. ಒಬ್ಬಾಕೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಟಿಕೆಟ್ಟಿಗಾಗಿ ಹಿಂದೆ ಮುಂದೆ ಓಡಾಡುವ ಕಂಡಕ್ಟರು ಪ್ರತಿ ಸಲವೂ ಅದನ್ನು ದಾಟಲು ಪಂಚೆ ಎತ್ತುವವನ ಹಾಗೆ ಪ್ಯಾಂಟು ಎತ್ತಿಕೊಳ್ಳುತ್ತಿದ್ದ. "ಯಾರ ಮನೇದು?" ಎಂದು ಹಿಂದಿನಿಂದ ಯಾರೋ ಕೇಳಿದರು. "ಮುಳುಗಡೇದು" ಎಂದೆ. ಬಸ್ಸಿನಲ್ಲಿದ್ದ ಅರ್ಧ ಜನಕ್ಕೆ ನೀರಿನೊಳಗೆ ತಮ್ಮವರು ಯಾರಾದರೊಬ್ಬರ ಮನೆ ಇತ್ತು.

ಹುಡುಕಿಕೊಂಡು ಹೋದ ಮನೆಯಲ್ಲಿ ಗಂಡಸರು ಗದ್ದೆಗೆ ಹೋಗಿದ್ದರು. ಅಜ್ಜಿಯೊಬ್ಬರು ಅಂಗಳದಲ್ಲಿ ಹಲಸಿನ ಹಪ್ಪಳ ಕಾಯುತ್ತ ಕೂತಿದ್ದರು. ನಾನು ವಿಷಯ ಹೇಳುವ ಮೊದಲೇ ಎದ್ದು ಬಂದು, ಹೊಸ್ತಿಲಿನ ನಡುವಿನ ತಗ್ಗಿನ ಮೇಲೆ ಅಂಗೈ ಆಡಿಸಿದರು.

"ನಾ ಮದ್ವಿಯಾಗಿ ಒಳಗೆ ಬಂದ ಹೊಸ್ತಿಲು ಇದು, ತಮಾ. ಅರ್ಧ ಸವೆಸಿದ್ದು ನಮ್ಮತ್ತೆ, ಉಳಿದರ್ಧ ನಾನು. ಈ ತೂತೆಂತದು?"

"ಹೆಂಡತಿಯ ಡೇರೆ ಕುಂಡ ಇಡೋಕೆ ಅಂತ ಮೊಳೆ ಹೊಡೆದಿದ್ದೆ ಅಜ್ಜೀ. ಗೊತ್ತಾಗ್ಲಿಲ್ಲ. ನಿಮಗೇ ಕೊಟ್ಟು ಹೋಗೋಣ ಅಂತ ತಂದೆ."

ಅಜ್ಜಿ ಮೊಳೆಯ ತೂತನ್ನು ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದರು.

"ಬ್ಯಾಡ. ಈ ಮನೀಗೆ ಹೊಸದು ಕೂರ್ಸಿ ಪೂಜೆ ಆಗೈತೆ. ಇದು ಕಣ್ಣೆದುರು ಇದ್ರೆ ನಾ ದಾಟಕ್ಕೆ ಹೋಗ್ತೀನಿ. ದಾಟಿದ್ರೆ ಒಳಗೆ ಎಂತ ಐತೆ ಹೇಳು?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು, ಆಮೇಲೆ ನಕ್ಕರು. "ನಾ ದಿನಾ ಇದ್ರ ಮ್ಯಾಲೆ ಎರಡು ಹೂವು ಇಡ್ತಿದ್ದೆ. ನಿನ್ನ ಹೆಂಡ್ತಿ ಗಿಡಾನೇ ಇಡ್ಲಿ, ತಪ್ಪೇನೈತೆ? ಗೆಡ್ಡೆ ಒಡೆದಾಗ ನಂಗೂ ಒಂದು ಕಳ್ಸು ಅನ್ನು."

ಹಾಗಾಗಿ ಹೊಸ್ತಿಲೂ ನಾನೂ ಅದೇ ಸಂಜೆ, ಕಾಲೆತ್ತಿ ಕೂತ ಇನ್ನೊಂದು ಬಸ್ಸಿನ ಜನರೊಡನೆ ಸಾಗರಕ್ಕೆ ವಾಪಸು ಬಂದೆವು. ಶಾರದೆ ಪೂರ್ತಿ ಕೇಳಿಸಿಕೊಂಡು, ಕಣ್ಣೊರೆಸಿಕೊಂಡು, "ಎರಡು ಗೆಡ್ಡೆ ಕಳಿಸ್ತೀನಿ" ಎಂದಳು. ನಾನು ಉತ್ಸಾಹದಿಂದ ಕಾಲುಗಳನ್ನೂ ಸುತ್ತಿಗೆಯನ್ನೂ ತಂದೆ. "ನೀವು ಕೂತ್ಕೊಳ್ಳಿ, ದಣಿದಿದ್ದೀರಿ" ಎಂದು ಪ್ರೀತಿಯಿಂದಲೇ ಹೇಳಿ, ಹಿತ್ತಿಲಲ್ಲಿ ಬಿದ್ದಿದ್ದ ಜಂಬಿಟ್ಟಿಗೆ ಕಲ್ಲುಗಳನ್ನು ಎರಡು ಕಡೆ ಪೇರಿಸಿ, ಹೊಸ್ತಿಲನ್ನು ಅದರ ಮೇಲೆ ಕೂರಿಸಿದಳು. ಕುಂಡಗಳು ಸಾಲಾಗಿ ಕೂತವು. ಅಮ್ಮನ ಡೇರೆಗೆ ನಡುವಿನ ತಗ್ಗಿನಲ್ಲಿ ಜಾಗ. ಅದರ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗಬಾರದೆಂಬ ಕಟ್ಟಳೆಯೂ ಅಂದೇ ಜಾರಿಗೆ ಬಂತು.

ಮಳೆ ಹಿಡಿಯಿತು. ಅಂಗಳದಲ್ಲಿ ನೀರು ಎಂದಿನಂತೆ ನಿಂತಿತು. ಡೇರೆ ಅದರ ಮೇಲೆ ಒಣಗಾಲಲ್ಲಿ ನಿಂತು, ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಅಂಗೈಯಗಲ ಅರಳಿತು. ಎದುರು ಮನೆಯಾಕೆ ನೋಡಿ ಮೆಚ್ಚಿ, "ಎಷ್ಟು ಗಟ್ಟಿ ಉಂಟು ಶಾರದಮ್ಮ ಈ ಮಣೆ! ನಿಮ್ಮನೆಯವರ ಕೈಲಿ ನಮಗೂ ಒಂದು ಮಾಡಿಸಿಕೊಡಿ" ಎಂದರು. ಒಳಗೆ ಕೂತಿದ್ದ ನಾನು ಎದೆಯುಬ್ಬಿಸಿದೆ.

"ಇವ್ರು ಮಾಡಿದ್ದಾದ್ರೆ ಇದನ್ನೇ ನಿಮಗೆ ಕೊಟ್ಟುಬಿಡ್ತಿದ್ದೆ" ಎಂದಳು ಶಾರದೆ. "ಇವ್ರು ಮಾಡಿದ್ದಲ್ಲ, ಅದಕ್ಕೇ ನಿಂತಿದೆ."

ಇದಕ್ಕೆ ಉತ್ತರ ಕೊಡದೆ ಬಿಡಬಾರದೆಂದು ಚಪ್ಪಲಿ ಮೆಟ್ಟಿಕೊಂಡು ದಡಬಡನೆ ಹೊರಗೆ ಬಂದೆ. ಹೊತ್ತು ತಂದವನು ಯಾರು, ಬಸ್ಸಿನಲ್ಲಿ ಬೈಸಿಕೊಂಡವನು ಯಾರು, ಎಲ್ಲ ಮಾತೂ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಕುಂಡಗಳ ಹತ್ತಿರ ಬಂದ ಕೂಡಲೇ ಕಾಲು ತಾನಾಗಿ ನಿಂತಿತು. ಬಗ್ಗಿ ಚಪ್ಪಲಿ ಬಿಚ್ಚಿ, ಪಕ್ಕಕ್ಕಿಟ್ಟು, ತಲೆಯೆತ್ತುವಷ್ಟರಲ್ಲಿ ಹೆಂಗಸರಿಬ್ಬರೂ ಬರಿಗಾಲಲ್ಲಿ ನಿಂತ ನನ್ನನ್ನು ನೋಡಿ ನಗುತ್ತಿದ್ದರು. ನಾನೂ ನಕ್ಕು, ಡೇರೆಗೆ ಒಂದು ಚೊಂಬು ನೀರು ಹಾಕಿ ಒಳಗೆ ಬಂದೆ. ಮಳೆಗಾಲದಲ್ಲಿ ಯಾರಾದರೂ ಗಿಡಕ್ಕೆ ನೀರು ಹಾಕುತ್ತಾರೆಯೇ ಎಂದು ಶಾರದೆ ಹಿಂದಿನಿಂದ ಕೂಗುತ್ತಿದ್ದಳು.