ಜಿಪಿಎಸ್ ಹಿಡಿದು ಹೊರಟವನ ಪಾಡು

ಭೂಗೋಳ ಎಂ.ಎಸ್ಸಿ. ಓದುವವನ ಕೈಗೆ ಜಿಪಿಎಸ್ ಕೊಟ್ಟು ದಾವಣಗೆರೆಯ ಸುತ್ತ ಬಿಟ್ಟರೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನನ್ನ ಪ್ರಾಜೆಕ್ಟು ಇಷ್ಟೇ: ಉಪಗ್ರಹದ ಚಿತ್ರ ನೋಡಿ ಎಲ್ಲಿ ಗದ್ದೆ, ಎಲ್ಲಿ ಮನೆ, ಎಲ್ಲಿ ನೀರು ಎಂದು ನಕ್ಷೆ ಮಾಡುವುದು, ಅದು ನಿಜವೇ ಎಂದು ಹೋಗಿ ನೋಡುವುದು. ಫೇಲಾದರೆ ಇನ್ನೊಂದು ವರ್ಷ ಹಾಸ್ಟೆಲ್ ಸಾರು. ಆ ಭಯ ಚೆನ್ನಾಗಿಯೇ ಇತ್ತು.

ಶಾಮನೂರಿನ ಊಟ

ಬದುವಿನ ಮೇಲೆ ನಿಂತಿದ್ದೆ. ಗದ್ದೆಯ ಯಜಮಾನರು ಬಂದರು.

"ರೋಡು ಎಲ್ಲಿ ಬರ್ತೈತ್ರಿ?"

"ರೋಡಲ್ರಿ, ನಾನು ಓದೋ ಹುಡುಗ."

"ಸರ್ವೇಕ್ಕೆ ಬಂದೋರೆಲ್ಲ ಮೊದ್ಲು ಹಂಗೇ ಅಂತಾರ. ಬರ್ರಿ, ಊಟ ಮಾಡ್ರಿ."

ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಕೈಗೆ ನೀರು ಹಾಕುತ್ತಾ, "ರೋಡು ಸ್ವಲ್ಪ ಆ ಕಡೀಗೆ ಸರಿಸ್ರಿ" ಎಂದರು. ಆ ಕಡೆಯ ಗದ್ದೆಯವರು ಇದನ್ನೆಲ್ಲ ನೋಡುತ್ತಿದ್ದರು. ಅವರೂ ಊಟಕ್ಕೆ ಕರೆದರು; ಅವರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಇಲ್ಲದ ರಸ್ತೆ ಅಂದು ಎರಡು ಸಲ ದಿಕ್ಕು ಬದಲಿಸಿತು.

ಹರಿಹರದ ಅತ್ತೆ

ಹರಿಹರದಲ್ಲಿ ಸೋದರತ್ತೆ ಬೋರ್‌ವೆಲ್ ತೆಗೆಸುವವರಿದ್ದರು. ಜಾಗ ತೋರಿಸು ಎಂದು ಕರೆದರು. ಜಿಪಿಎಸ್‌ನಲ್ಲಿ ನೆಲದೊಳಗಿನ ನೀರು ಕಾಣುವುದಿಲ್ಲ ಎಂದೆ. "ಹಿಡ್ಕೊಂಡು ಸುಮ್ನೆ ಅಡ್ಡಾಡು" ಎಂದರು. ಅಡ್ಡಾಡಿದೆ. ಬೇವಿನ ಮರದ ಹತ್ತಿರ ಅದು ಕುಂಯ್ ಎಂದಿತು. ಅತ್ತೆ ಓಡಿಬಂದು ಅಲ್ಲಿ ಕಲ್ಲಿಟ್ಟರು.

"ಅತ್ತೆ, ಅದು ಬ್ಯಾಟ್ರಿ ಮುಗೀತು ಅಂತ ಕೂಗಿದ್ದು."

"ಯಾಕರ ಕೂಗ್ಲಿ. ಕೂಗಿದ್ದು ಇಲ್ಲಿ ಹೌದಲ್ಲ?"

ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ ಮೇಲೆ ನಾನು ವಾದ ಮಾಡಲಿಲ್ಲ.

ವೈವಾ

ಪರೀಕ್ಷಕರು ಬೇರೆ ಯೂನಿವರ್ಸಿಟಿಯವರು, ಊರು ಮಾತ್ರ ಈ ಕಡೆಯದೇ. ನನ್ನ ನಕ್ಷೆಯ ಒಂದು ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಹೊಸ ಲೇಔಟ್ ಐತಲ್ಲ. ನೀರು ಹೆಂಗೆ ಬಂತು?"

"ಲೇಔಟೂ ಹೌದು ಸರ್, ನೀರೂ ಹೌದು. ನಾನೇ ಇಳಿದು ನೋಡೀನಿ. ಮೊಣಕಾಲುಮಟ್ಟ ಇತ್ತು."

"ಸಾಫ್ಟ್‌ವೇರ್ ತಪ್ಪು ತೋರಿಸಿರಬೇಕು. ತಪ್ಪು ನಕ್ಷೆ ತಂದ್ರೆ ನಾನು ಪಾಸ್ ಮಾಡಲ್ಲ."

ಲ್ಯಾಪ್‌ಟಾಪಿನಲ್ಲಿ ಆ ಜಾಗದ ಫೋಟೋ ತೆರೆದೆ. ನೀರಿನ ನಡುವೆ ಒಂದು ಬೋರ್ಡು: 'ಈ ನಿವೇಶನ ಮಾರಾಟಕ್ಕೆ ಇಲ್ಲ.' ಅದರ ಕೆಳಗೆ ಮಾಲೀಕರ ಹೆಸರು. ಅದು ಎದುರಿಗೆ ಕೂತಿದ್ದ ಪರೀಕ್ಷಕರದೇ ಹೆಸರು. ನಮ್ಮ ಗೈಡ್ ಮೇಡಂ ಫ್ಯಾನ್ ನೋಡತೊಡಗಿದರು.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ನೀರು ಅಲ್ಲೇ ಇತ್ತು.

"ನಕ್ಷೆ ಸರಿ ಐತೆ. ಪಾಸಾದ್ರಿ" ಎಂದು ಅಂಕ ಬರೆದರು. ಎದ್ದು ಬಾಗಿಲವರೆಗೆ ಹೋದವರು ನಿಂತು, ದನಿ ತಗ್ಗಿಸಿ ಹೇಳಿದರು:

"ಆ ಬೋರ್ಡಿನಾಗೆ 'ಇಲ್ಲ' ಅಳಿಸಿ 'ಇದೆ' ಅಂತ ಬರೆಸೋ ತನಕ, ಇದನ್ನ ಯಾರಿಗೂ ತೋರಿಸ್ಬ್ಯಾಡ್ರಿ."