ಜಲಪಾತಕ್ಕೆ ಹೊಲಿದ ಕೋಟು

ಪ್ರವಾಸ ಹೋಗಿ ಬಂದವರು ಬೆಟ್ಟ ನೋಡಿದೆವು, ಜಲಪಾತ ನೋಡಿದೆವು ಎಂದು ಬೀದಿ ತುಂಬಾ ಹೇಳಿಕೊಂಡು ತಿರುಗುತ್ತಾರೆ. ನಮ್ಮ ಟೈಲರ ಹೆಂಡತಿಗೆ ಹೇಳಿಕೊಳ್ಳಲು ಇದ್ದದ್ದು ಒಂದೇ, ಲಾಡ್ಜಿನ ಸೀಲಿಂಗ್ ಫ್ಯಾನು. ಅದರ ಒಂದು ರೆಕ್ಕೆ ಸೊಟ್ಟಗಿತ್ತಂತೆ.

ತಪ್ಪು ಫ್ಯಾನಿನದಲ್ಲ. ಮದುವೆಯಾದಾಗಿನಿಂದ "ಸೀಸನ್ ಮುಗೀಲಿ, ಹೋಗೋಣ" ಎಂದು ತಳ್ಳುತ್ತಲೇ ಬಂದಿದ್ದ ಟೈಲರು ಕೊನೆಗೂ ಅಂಗಡಿಗೆ ಬೀಗ ಜಡಿದು ಹೆಂಡತಿಯ ಜೊತೆ ಹೊರಟಿದ್ದರು. ಬಸ್ಸಿಳಿದವರೇ, ಹೆಂಡತಿ ಬೇಡ ಬೇಡವೆಂದರೂ ಕೇಳದೆ, ಕೊರೆಯುವ ಗಾಳಿಯಲ್ಲಿ ನಿಂತು ಐಸ್‌ಕ್ರೀಮ್ ತಿಂದರು. ಒಂದಕ್ಕೇ ನಿಲ್ಲಿಸಿದರೆ ಐಸ್‌ಕ್ರೀಮಿಗೆ ಅವಮಾನವೆಂದು ಇನ್ನೊಂದನ್ನೂ ತಿಂದರು. ಸಂಜೆಗೆ ಗಂಟಲು ಕಟ್ಟಿತು, ಆಮೇಲೆ ಮೈ ಕೆಂಡವಾಯಿತು. ರಜೆ ಪೂರ್ತಿ ಅವರು ಕಂಬಳಿಯೊಳಗೆ ನಡುಗುತ್ತಾ ಬಿದ್ದುಕೊಂಡಿದ್ದರು. ಹೆಂಡತಿ ಪಕ್ಕದಲ್ಲಿ ಕೂತು ಹಣೆಗೆ ತಣ್ಣೀರು ಪಟ್ಟಿ ಹಾಕಿದಳು, ಗಂಜಿ ಕುಡಿಸಿದಳು. ಕಿಟಕಿಯಿಂದ ಜಲಪಾತದ ಸದ್ದು ಕೇಳಿಸುತ್ತಿತ್ತು. ಕಾಣಿಸುತ್ತಿದ್ದದ್ದು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ.

"ಇಲ್ಲೇ ಹತ್ತಿರ ಕಣಮ್ಮಾ, ಹೋಗಿ ನೋಡ್ಕೊಂಡು ಬನ್ನಿ. ಯಜಮಾನರನ್ನ ನಾನು ನೋಡ್ಕೋತೀನಿ" ಎಂದ ಲಾಡ್ಜಿನ ಮ್ಯಾನೇಜರ್.

"ಬೇಡಪ್ಪ. ಕಣ್ಣು ಬಿಟ್ಟಾಗ ನಾನು ಕಾಣದಿದ್ರೆ ಮಗು ಥರ ಹುಡುಕಾಡ್ತಾರೆ."

ಈ ಮಾತು ಕಂಬಳಿಯೊಳಗಿದ್ದ ಟೈಲರ ಕಿವಿಗೆ ಬಿತ್ತು. ಇಂಥವಳು ಸಿಗಲು ತಾನು ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ ಎಂದು ಅವರ ಕಣ್ಣು ತುಂಬಿ ಬಂತು. (ಜ್ವರಕ್ಕೆ ಕಣ್ಣಲ್ಲಿ ನೀರು ಬರುತ್ತಿದೆ ಎಂದುಕೊಂಡು ಹೆಂಡತಿ ಅದನ್ನೂ ಒರೆಸಿದಳು.) ಇವಳಿಗೆ ಆ ಜಲಪಾತ ತೋರಿಸದೆ ಬಿಡುವುದಿಲ್ಲ ಎಂದು ಟೈಲರು ಅಲ್ಲೇ, ಮಲಗಿದಲ್ಲೇ, ಭೀಷ್ಮ ಪ್ರತಿಜ್ಞೆ ಮಾಡಿದರು.

ಪ್ರತಿಜ್ಞೆಯೇನೋ ಆಯಿತು, ಧೈರ್ಯ ಬರಬೇಕಲ್ಲ! ಮನೆಗೆ ಬಂದ ಮೇಲೆ ಟೈಲರಿಗೆ ಗಾಳಿಯೆಂದರೆ ಯಮದೂತ. ಕಿಟಕಿ ತೆಗೆದರೆ ಮಫ್ಲರ್, ಬಾಗಿಲು ತೆಗೆದರೆ ಮಂಕಿ ಕ್ಯಾಪು. ಹೆಂಡತಿ ಜಲಪಾತದ ಮಾತೆತ್ತಿದಳು.

"ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡದೆ ನಾನು ಯಾವತ್ತಾದ್ರೂ ಸೂಟ್ ಮುಗಿಸಿದ್ದೀನೇನೇ? ಇದೂ ಹಾಗೇ. ಮೊದಲು ಟ್ರಯಲ್" ಎಂದರು.

ಮೊದಲನೇ ಟ್ರಯಲ್ ಗೇಟಿನವರೆಗೆ. ಟೈಲರು ಹೋಗಿ ಗೇಟು ಮುಟ್ಟಿ, ಯುದ್ಧ ಗೆದ್ದವರಂತೆ ಹಿಂದಿರುಗಿದರು. ಎರಡನೆಯದು ಬೀದಿ ಕೊನೆಯ ಪಾರ್ಕಿನ ಬೆಂಚಿಗೆ, ಫ್ಲಾಸ್ಕಿನಲ್ಲಿ ಬಿಸಿನೀರು ಸಮೇತ. ಅಲ್ಲಿ ಪಕ್ಕದಲ್ಲಿ ಕೂತವನೊಬ್ಬ ಸೀನಿದ್ದಕ್ಕೆ ಮೂರನೆಯದು ಒಂದು ವಾರ ಮುಂದಕ್ಕೆ ಹೋಯಿತು.

"ರೀ, ಟ್ರಯಲ್ ಸಾಕು. ಡೆಲಿವರಿ ಯಾವಾಗ?"

"ಆಯ್ತು ಕಣೇ, ಕಾಜಾ ಗುಂಡಿ ಒಂದು ಬಾಕಿ. ಮುಂದಿನ ವಾರ..."

"ಆ ಮಾತೆಲ್ಲ ಗಿರಾಕಿಗಳ ಹತ್ರ ಇಟ್ಕೊಳ್ಳಿ! ನಾನು ನಿಮ್ಮ ಹೆಂಡತಿ."

ಟೈಲರಿಗೆ ನಾಚಿಕೆಯಾಯಿತು. ಅಂದೇ ಮಿಷನ್ ಮುಂದೆ ಕೂತು ತಮಗಾಗಿ ಒಂದು ದಪ್ಪ ಕೋಟು ಹೊಲಿದರು. ಒಳಗೂ ಜೇಬು, ಹೊರಗೂ ಜೇಬು, ಜೇಬಿನೊಳಗೊಂದು ಜೇಬು. ಜ್ವರದ ಮಾತ್ರೆ, ತಲೆನೋವಿನ ಮಾತ್ರೆ, ಹೊಟ್ಟೆಯ ಮಾತ್ರೆ, ಎಲ್ಲಕ್ಕೂ ಪ್ರತ್ಯೇಕ ವಸತಿ. ಬಸ್ಸಿನ ಕುಲುಕಾಟಕ್ಕೆ ಒಂದೂ ಉದುರಬಾರದೆಂದು ಎಲ್ಲ ಜೇಬುಗಳ ಬಾಯಿಗೂ ನೈಲಾನ್ ದಾರದಲ್ಲಿ ಎರಡೆರಡು ಸಲ ಹೊಲಿಗೆ ಹಾಕಿ, ಹಲ್ಲಿನಲ್ಲಿ ದಾರ ಕಡಿದರು. "ನನ್ನ ಹೊಲಿಗೆ ಬಿಚ್ಚೋ ಗಂಡಸು ಇನ್ನೂ ಹುಟ್ಟಿಲ್ಲ" ಎನ್ನುವುದು ಅವರ ಹಳೆಯ ಜಂಬ. ಚೀಲದಲ್ಲಿಟ್ಟಿದ್ದ ಕತ್ತರಿಯನ್ನು ಹೆಂಡತಿ ಹೊರಡುವಾಗ ತೆಗೆದು ಮೇಜಿನ ಮೇಲಿಟ್ಟಳು.

"ಅಲ್ಲೂ ಅಂಗಡಿ ತೆರೀತೀರಾ?"

ಹೊರಟರು. ತಿರುವುಗಳ ದಾರಿ, ಬಸ್ಸಿನ ಹೊಗೆ. ಟೈಲರು ಮಾತ್ರ ಕೋಟಿನೊಳಗೆ ಬೆಚ್ಚಗೆ ಗಟ್ಟಿಮುಟ್ಟಾಗಿ ಕೂತಿದ್ದರು. ಬಸ್ಸಿಳಿದ ಹೆಂಡತಿ ಜಲಪಾತದ ಮೆಟ್ಟಿಲಿನ ಬುಡದಲ್ಲೇ ತಲೆ ಹಿಡಿದು ಕುಸಿದು ಕೂತಳು.

"ತಲೆ ಸಿಡೀತಿದೆ ರೀ. ಒಂದು ಮಾತ್ರೆ ಕೊಡಿ."

"ನೋಡಿದ್ಯಾ? ಕೋಟು ನೋಡಿ ನಗ್ತಿದ್ದೆಯಲ್ಲ!" ಟೈಲರು ಎದೆಯುಬ್ಬಿಸಿ ಜೇಬಿಗೆ ಕೈ ಹಾಕಿದರು. ಕೈ ಹೋಗಲಿಲ್ಲ. ಉಗುರು ಹಾಕಿದರು, ಉಗುರು ಮುರಿಯಿತು. ಹಲ್ಲು ಹಾಕಿದರು, ಹಲ್ಲು ಅಲ್ಲಾಡಿತು. ಟಿಕೆಟ್ ಕೊಡುವವನ ಹತ್ತಿರ ಕತ್ತರಿ ಇರಲಿಲ್ಲ, ಬೀಗದ ಕೈ ಕೊಟ್ಟ. ಅದೂ ಬಾಗಿತು.

"ಬಿಡಿ, ನನ್ನ ಹಣೇಲಿ ಜಲಪಾತ ಬರೆದಿಲ್ಲ" ಎಂದಳು ಹೆಂಡತಿ ಕಣ್ಣು ಮುಚ್ಚಿಕೊಂಡು. "ವಾಪಸ್ ಹೋಗೋಣ."

ಇಷ್ಟು ಹತ್ತಿರ ಬಂದು ಮತ್ತೆ ಬರೀ ಸದ್ದು ಕೇಳಿಸಿಕೊಂಡು ಹೋಗುವುದೇ? ಟೈಲರು ಕೋಟು ಕಳಚಿ, ಒಂದು ತುದಿಯನ್ನು ಕಾಲಡಿಗೆ ಮೆಟ್ಟಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಪರ್ರ್! ಹೆಗಲಿನಿಂದ ಸೊಂಟದವರೆಗೆ ಕೋಟು ಎರಡಾಯಿತು. ಜೇಬು ಕೈಗೆ ಬಂತು. ಅದರ ಬಾಯಿ ಮಾತ್ರ ಹಾಗೇ ಮುಚ್ಚಿತ್ತು. ಬಟ್ಟೆ ಹರಿದಿತ್ತು, ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ.

ಹೆಂಡತಿ ಒಂದು ಕಣ್ಣು ತೆರೆದು ನೋಡಿದಳು. "ಅಯ್ಯೋ, ಆ ಗಂಡಸು ನಿಜವಾಗ್ಲೂ ಇನ್ನೂ ಹುಟ್ಟಿಲ್ಲ ರೀ!" ಎಂದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನಗಿಸಬೇಡ್ರೀ, ತಲೆ ನೋಯುತ್ತೆ" ಎಂದು ಬೈಯುತ್ತಲೇ ನಕ್ಕಳು.

ಟೈಲರು ಕೋಟಿನ ಲೈನಿಂಗ್ ಹರಿದು, ಪಕ್ಕದಲ್ಲಿ ಹರಿಯುತ್ತಿದ್ದ ನೀರಿನಲ್ಲಿ ಅದ್ದಿ ಹಿಂಡಿ, ಅವಳ ಹಣೆಗೆ ಪಟ್ಟಿ ಹಾಕಿದರು. ಬಿಸಿಯಾದಾಗಲೆಲ್ಲ ಎದ್ದು ಹೋಗಿ ಮತ್ತೆ ಅದ್ದಿ ತಂದರು. ಇಷ್ಟೇ ಕೆಲಸಕ್ಕೆ ಅವರ ಸೊಂಟ ಹಿಡಿಯಿತು.

"ಅಷ್ಟು ದಿನ ಇದನ್ನ ಹೇಗೆ ಮಾಡಿದ್ಯೇ ಮಾರಾಯ್ತಿ? ನೀನಿಲ್ಲದಿದ್ರೆ ನಾನು ಎದ್ದೇಳ್ತಿರಲಿಲ್ಲ ಕಣೇ."

"ಸುಮ್ನಿರಿ, ಪಟ್ಟಿ ಕಣ್ಣಿನ ಮೇಲೆ ಜಾರ್ತಿದೆ" ಎಂದಳು. ಆದರೆ ಅವರ ಕೈಯನ್ನು ಹಿಡಿದುಕೊಂಡಳು.

ನೋವಿಳಿಯಿತು. ಮೆಟ್ಟಿಲು ಹತ್ತಿದರು. ಜಲಪಾತ ಕಂಡಿತು. ಹೆಂಡತಿ ಅಂಚಿನ ಕಂಬಿ ಹಿಡಿದು, ಮುಖಕ್ಕೆ ತುಂತುರು ಹೊಡೆಯುತ್ತಿದ್ದರೂ ಒರೆಸಿಕೊಳ್ಳದೆ, ಬಹಳ ಹೊತ್ತು ನೋಡಿದಳು. ಪಕ್ಕದಲ್ಲಿ ಟೈಲರು ಬರೀ ಅಂಗಿಯಲ್ಲಿ ತೊಪ್ಪೆಯಾಗಿ ನಿಂತಿದ್ದರು. ಸೀನು ಬರಲಿಲ್ಲ, ನಡುಕವೂ ಬರಲಿಲ್ಲ.

"ಹೇಗಿದೆ?" ಎಂದರು.

"ಕ್ಯಾಲೆಂಡರಲ್ಲಿ ಇನ್ನೂ ಸ್ವಲ್ಪ ನೀರು ಜಾಸ್ತಿ ಇತ್ತು" ಎಂದು ಹೇಳಿ, ಸೆರಗಿನಿಂದ ಅವರ ತಲೆ ಒರೆಸಿದಳು. "ಚೆನ್ನಾಗಿದೆ ರೀ. ತುಂಬಾ ಚೆನ್ನಾಗಿದೆ."

ಟೈಲರ ಎದೆ ಹಗುರಾಯಿತು. "ಅಬ್ಬಾ! ಅಂತೂ ಡೆಲಿವರಿ ಕೊಟ್ಟೆನಪ್ಪ. ನಾಳೆಯಿಂದ ನೆಮ್ಮದಿಯಾಗಿ ಅಂಗಡಿ."

"ಡೆಲಿವರಿನಾ?" ಹೆಂಡತಿ ಅವರ ಒದ್ದೆ ಅಂಗಿಯನ್ನು ಮೇಲಿಂದ ಕೆಳಗೆ ಅಳತೆ ತೆಗೆಯುವವಳಂತೆ ನೋಡಿದಳು. "ಗಾಳಿ ತಡ್ಕೊಂಡ್ರಿ, ನೀರು ತಡ್ಕೊಂಡ್ರಿ, ಟ್ರಯಲ್ ಸರಿಯಾಗಿ ಕೂತಿದೆ. ಮುಂದಿನ ತಿಂಗಳು ಸಮುದ್ರ."